ಅನ್ನವೂ ಆತಂಕವೂ: ಮೈಸೂರಿನ ಜನನದ ದಫ್ತರ ಹೇಳುವ ಸಂಗತಿ

ಮೈಸೂರಿನ ಮಂಡಿ ಮೊಹಲ್ಲೆಯಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನ ಹಳಬರು ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಮೊದಲ್ಗೊಂಡು, ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಎಂಬ ಮೂರು ಸಂಗತಿಗಳನ್ನು ತಾಯಿಯ ತೂಕದೊಡನೆ ದಫ್ತರದಲ್ಲಿ ಬರೆದಿಡುವ ಪದ್ಧತಿ ಇದ್ದಿತು. ಹೆರಿಗೆಯ ಕೋಣೆಯ ಗಡಿಬಿಡಿಯ ನಡುವೆಯೂ ತಪ್ಪದೆ ಅಳೆದು ಬರೆದ ಆ ದಾದಿಯರಿಗೆ, ತಮ್ಮ ಅಂಕಿಗಳು ಅರ್ಧ ಶತಮಾನಕ್ಕೂ ಮಿಗಿಲಾದ ಕಾಲದ ತರುವಾಯ ವೈದ್ಯಶಾಸ್ತ್ರದ ಒಂದು ದೊಡ್ಡ ಪ್ರಶ್ನೆಗೆ ಸಾಕ್ಷ್ಯವಾಗಿ ನಿಲ್ಲುವುವೆಂಬ ಊಹೆ ಇದ್ದಿರಲಾರದು. ದಿನದ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು, ಅಷ್ಟೆ. ವಿಜ್ಞಾನಕ್ಕೆ ಇಂಥವರಿಂದ ಸಂದ ಉಪಕಾರ ಪ್ರಯೋಗಶಾಲೆಯ ಪಂಡಿತರಿಂದ ಸಂದುದಕ್ಕಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ 1911ರಿಂದ ಇಟ್ಟಿದ್ದ ಇಂಥವೇ ದಾಖಲೆಗಳನ್ನು ಶೋಧಿಸಿ, ಕಡಿಮೆ ತೂಕದಿಂದ ಹುಟ್ಟಿದವರು ಮುಪ್ಪಿಗೆ ಮೊದಲೇ ಹೃದ್ರೋಗದಿಂದ ಸಾಯುವುದು ಹೆಚ್ಚೆಂದು 1989ರಲ್ಲಿ ಪ್ರಕಟಿಸಿದವನು ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್. ಅವನೂ ಅವನ ಸಹೋದ್ಯೋಗಿಯಾದ ಕ್ಯಾರೊಲಿನ್ ಫಾಲ್ ಎಂಬ ವೈದ್ಯೆಯೂ ಮತ್ತಿತರರೂ ಮೈಸೂರಿನ ದಫ್ತರವನ್ನು ಬಿಚ್ಚಿದರು. ಅದರಲ್ಲಿ ನಮೂದಾಗಿದ್ದ ಶಿಶುಗಳಲ್ಲಿ ಆಸ್ಪತ್ರೆಯ ಆಸುಪಾಸಿನಲ್ಲಿಯೇ ಬಾಳಿಕೊಂಡಿದ್ದ 517 ಮಂದಿಯನ್ನು, ಆ ವೇಳೆಗೆ ನಡುವಯಸ್ಸು ಕಳೆಯುತ್ತಿದ್ದ ಗಂಡಸರನ್ನೂ ಹೆಂಗಸರನ್ನೂ, ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿದ್ದರೆ, ಮೂರು ಕಿಲೋ ದಾಟಿ ಹುಟ್ಟಿದ್ದ ದಷ್ಟಪುಷ್ಟರಲ್ಲಿ ಅದು ನೂರಕ್ಕೆ 3 ಮಾತ್ರ. ತಾನೂ ಸಣ್ಣದಾಗಿ ಹುಟ್ಟಿ, ಗರ್ಭ ಧರಿಸಿದ್ದಾಗ ತಾಯಿಯ ತೂಕವೂ 45 ಕಿಲೋವಿಗೆ ಕಡಿಮೆಯಾಗಿದ್ದವರಲ್ಲಿಯಂತೂ ಐವರಲ್ಲಿ ಒಬ್ಬನ ಹೃದಯ ರೋಗಗ್ರಸ್ತವಾಗಿದ್ದಿತು. ಈ ವರದಿ 1996ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತು.

ತಾಯಿ ಉಂಡ ಅಥವಾ ಉಣದೆ ಹೋದ ಅನ್ನದ ಗುರುತು ಐವತ್ತು ವರ್ಷದ ಮಗನ ಹೃದಯದಲ್ಲಿ ಉಳಿಯುವುದು ಹೇಗೆ? ಇದಕ್ಕೆ ಉತ್ತರವನ್ನು ಹುಡುಕಹೊರಟವನು ಹಾರ್ಮೋನುಗಳ ಲೋಕವನ್ನು ಹೊಗಲೇಬೇಕಾಗುತ್ತದೆ. ಹೊಕ್ಕಮೇಲೆ, ನಾವು ಬೇರೆಬೇರೆಯೆಂದು ಭಾವಿಸಿಕೊಂಡಿರುವ ಎರಡು ವಿಷಯಗಳು, ಎಂದರೆ ಉಣ್ಣುವ ಆಹಾರವೂ ಮನಸ್ಸಿನ ತಳಮಳವೂ, ಅಲ್ಲಿ ಒಂದೇ ದಾರಿಯಲ್ಲಿ ಸಂಚರಿಸುತ್ತಿರುವುದನ್ನು ಕಂಡು ವಿಸ್ಮಯಪಡಬೇಕಾಗುತ್ತದೆ.

ಮೊತ್ತಮೊದಲು ಮನುಷ್ಯನ ಅರಿವಿಗೆ ಬಂದ ಹಾರ್ಮೋನೇ ಅನ್ನಕ್ಕೆ ಸಂಬಂಧಪಟ್ಟುದು. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಶರೀರಶಾಸ್ತ್ರಜ್ಞರು, ಕರುಳಿನ ನರಗಳನ್ನೆಲ್ಲ ಕತ್ತರಿಸಿದ ಮೇಲೂ, ಅದರೊಳಗೆ ಆಮ್ಲ ಸೇರಿದೊಡನೆ ಮೇದೋಜೀರಕ ಗ್ರಂಥಿ ತನ್ನ ರಸವನ್ನು ಸುರಿಸುವುದನ್ನು ಕಂಡು, ಆಜ್ಞೆಯನ್ನು ಒಯ್ದದ್ದು ನರವಲ್ಲ, ರಕ್ತದಲ್ಲಿ ಹರಿದುಬಂದ ಒಂದು ದ್ರವ್ಯ ಎಂದು ತೋರಿಸಿಕೊಟ್ಟರು. ಅತ್ತ ಅಮೆರಿಕದ ಹಾರ್ವರ್ಡಿನಲ್ಲಿ ವಾಲ್ಟರ್ ಕ್ಯಾನನ್ ಎಂಬಾತ, ಆಗತಾನೆ ಬಳಕೆಗೆ ಬಂದಿದ್ದ ಎಕ್ಸ್‌ರೇ ಕಿರಣಗಳ ಸಹಾಯದಿಂದ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದವನು, ಬೆಕ್ಕು ಗಾಬರಿಗೊಂಡ ಕ್ಷಣದಲ್ಲಿ ಜಠರ ತನ್ನ ಕೆಲಸವನ್ನು ನಿಲ್ಲಿಸಿಬಿಡುವುದನ್ನು ಗಮನಿಸಿದನು. ಭಯಕ್ಕೂ ಪಚನಕ್ಕೂ ಇರುವ ಈ ನಂಟು ಅವನನ್ನು ಅಡ್ರಿನಲಿನ್ ಎಂಬ ಹಾರ್ಮೋನಿನ ಅಭ್ಯಾಸಕ್ಕೆ ಎಳೆಯಿತು. ಮುಂದೆ ಮಾಂಟ್ರಿಯಲ್ಲಿನಲ್ಲಿ ಹ್ಯಾನ್ಸ್ ಸೆಲ್ಯೆ, ಚಳಿ, ಗಾಯ, ವಿಷ, ಅತಿಶ್ರಮ ಮೊದಲಾದ ಯಾವ ಕ್ಲೇಶವನ್ನು ಕೊಟ್ಟರೂ ಇಲಿಯ ದೇಹದಲ್ಲಿ ಒಂದೇ ಬಗೆಯ ವಿಕಾರಗಳು, ಎಂದರೆ ಅಡ್ರಿನಲ್ ಗ್ರಂಥಿ ಹಿಗ್ಗುವುದು, ರೋಗನಿರೋಧಕ್ಕೆ ಬೇಕಾದ ಥೈಮಸ್ ಕುಗ್ಗುವುದು, ಜಠರದಲ್ಲಿ ಹುಣ್ಣಾಗುವುದು, ಇವು ತೋರುತ್ತವೆಂದು 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಚಿಕ್ಕ ಪತ್ರವೊಂದರಲ್ಲಿ ತಿಳಿಸಿದನು. ಇಂದು ಬಸ್ಸಿನಲ್ಲಿ ಕುಳಿತವರೂ ಆಡುವ ‘ಸ್ಟ್ರೆಸ್ಸು’ ವೈದ್ಯಶಾಸ್ತ್ರದ ವಿಷಯವಾದುದು ಬಹುಮಟ್ಟಿಗೆ ಇವನಿಂದ.

ಅಡ್ರಿನಲಿನ್ ಕ್ಷಣದ ಬಂಟ. ಎದೆ ಡವಗುಟ್ಟಿಸಿ, ಕೆಲವು ನಿಮಿಷಗಳಲ್ಲಿ ಅಡಗಿಹೋಗುತ್ತದೆ. ನಮ್ಮ ಪ್ರಸ್ತಾಪಕ್ಕೆ ಹೆಚ್ಚು ಮುಖ್ಯವಾದುದು ಅದೇ ಗ್ರಂಥಿಯ ಹೊರಪದರದಿಂದ ಹೊಮ್ಮುವ ಕಾರ್ಟಿಸಾಲ್. ಮೂತ್ರಪಿಂಡಗಳ ಮೇಲೆ ಕುಳಿತಿರುವ ಆ ಪುಟ್ಟ ಗ್ರಂಥಿಗಳಿಗೆ ಪಿಟ್ಯುಟರಿಯೂ, ಪಿಟ್ಯುಟರಿಗೆ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ಸೂ ಆಜ್ಞೆಯನ್ನು ಕಳುಹಿಸುತ್ತವೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟು ಏರಿದೊಡನೆ ಅದೇ ಮಿದುಳಿಗೆ ತಿಳಿಸಿ ತನ್ನ ಉತ್ಪತ್ತಿಯನ್ನು ತಾನೇ ತಡೆದುಕೊಳ್ಳುತ್ತದೆ. ಬೆಳಗಿನ ಹೊತ್ತು ನಾವು ಹಾಸಿಗೆಯಿಂದೇಳುವ ಸಮಯಕ್ಕೆ ಅತ್ಯುನ್ನತವಾಗಿದ್ದು, ಹಗಲೆಲ್ಲ ಮೆಲ್ಲಮೆಲ್ಲನೆ ಇಳಿದು, ನಡುರಾತ್ರಿಯ ಸುಮಾರಿಗೆ ಅತಿ ಕೆಳಮಟ್ಟಕ್ಕೆ ಬರುವುದು ಅದರ ದಿನಚರಿ. ಇದನ್ನು ಕೇವಲ ಕೇಡಿಗನೆಂದು ಚಿತ್ರಿಸುವ ಇತ್ತೀಚಿನ ರೂಢಿ ಸರಿಯಲ್ಲ. ರಾತ್ರಿಯ ಉಪವಾಸದಲ್ಲಿಯೂ ಮಿದುಳಿಗೆ ಸಕ್ಕರೆ ತಪ್ಪದಂತೆ ನೋಡಿಕೊಳ್ಳುವುದು, ರಕ್ತದೊತ್ತಡ ಕುಸಿಯದಂತೆ ಕಾಯುವುದು, ಉರಿಯೂತ ಮೇರೆ ಮೀರದಂತೆ ತಡೆಯುವುದು ಇದೆಲ್ಲ ಅದರ ಧರ್ಮ. ಈ ಹಾರ್ಮೋನು ಸಂಪೂರ್ಣ ನಿಂತುಹೋದರೆ, ಹೊರಗಿನಿಂದ ಔಷಧವಾಗಿ ಕೊಡದಿದ್ದಲ್ಲಿ, ಮನುಷ್ಯ ಬದುಕುವುದಿಲ್ಲ.

ಕಾರ್ಟಿಸಾಲನ್ನು ಮನೆಯ ಕಣಜದ ಕೀಲಿ ಹಿಡಿದ ಹಿರಿಯಾಳಿಗೆ ಹೋಲಿಸಬಹುದು. ಸಂಕಟ ಬಂದಿದೆಯೆಂಬ ಸುದ್ದಿ ತಲಪಿದೊಡನೆ ಅದು ಸ್ನಾಯುಗಳಲ್ಲಿರುವ ಪ್ರೋಟೀನನ್ನು ಕರಗಿಸಿ, ಯಕೃತ್ತಿನಲ್ಲಿ ಸಕ್ಕರೆಯನ್ನಾಗಿ ಮಾಡಿಸಿ, ರಕ್ತಕ್ಕೆ ಬಿಡಿಸುತ್ತದೆ. ಆ ಸಕ್ಕರೆಯನ್ನು ಜೀವಕೋಶಗಳೊಳಕ್ಕೆ ಸೇರಿಸುವ ಇನ್ಸುಲಿನ್ನಿನ ಕೈಯನ್ನು ಕಟ್ಟಿಹಾಕುತ್ತದೆ. ಓಡುವವನಿಗೆ, ಹೊಡೆದಾಡುವವನಿಗೆ, ಗಾಯಗೊಂಡವನಿಗೆ ಇದು ಸಕಾಲದ ನೆರವು. ಆದರೆ ಸಾಲದ ಕಂತನ್ನೋ ಮಗಳ ಸಿಇಟಿ ಫಲಿತಾಂಶವನ್ನೋ ಮೇಲಧಿಕಾರಿಯ ಮುನಿಸನ್ನೋ ಚಿಂತಿಸುತ್ತ ಕುರ್ಚಿಯಲ್ಲಿಯೇ ಕುಳಿತಿರುವವನ ರಕ್ತಕ್ಕೂ ಅದೇ ಸಕ್ಕರೆ ಬಂದು ಸೇರುತ್ತದೆ. ಉರಿಸಿ ಮುಗಿಸಲು ಕಾಲುಗಳಿಗೆ ಕೆಲಸವಿರುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಉಳಿದುದು ಕೊಬ್ಬಾಗುತ್ತದೆ. ಅದೂ ಎಲ್ಲಕ್ಕಿಂತ ಕೆಟ್ಟ ಸ್ಥಳವಾದ ಹೊಟ್ಟೆಯೊಳಗಿನ ಅಂಗಗಳ ಸುತ್ತ.

ಇದು ಬರಿಯ ತರ್ಕವಲ್ಲ. ಪಿಟ್ಯುಟರಿಯಲ್ಲಿ ಗಂತಿ ಬೆಳೆದು ಕಾರ್ಟಿಸಾಲ್ ಮಿತಿಮೀರಿದ ರೋಗಿಗಳನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಷಿಂಗ್ 1932ರಲ್ಲಿ ವರ್ಣಿಸಿದ್ದಾನೆ: ದುಂಡಗಾದ ಮುಖ, ಮುಂಚಾಚಿದ ಹೊಟ್ಟೆ, ಸೊರಗಿದ ಕೈಕಾಲು, ಏರಿದ ರಕ್ತದೊತ್ತಡ, ಅನೇಕರಲ್ಲಿ ಮಧುಮೇಹ. ನಮ್ಮ ನೆರೆಹೊರೆಯಲ್ಲಿಯೇ ದಮ್ಮಿಗೋ ಕೀಲುವಾಯುವಿಗೋ ಬಹುಕಾಲ ಸ್ಟಿರಾಯ್ಡ್ ಮಾತ್ರೆ ನುಂಗಿದವರಿಗೆ ‘ಶುಗರ್’ ಬಂದುದನ್ನು ನೋಡಿಲ್ಲದವರು ಕಡಿಮೆ. ಆ ಮಾತ್ರೆ ಕಾರ್ಟಿಸಾಲಿನ ದಾಯಾದಿಯೇ. ದಿನನಿತ್ಯದ ಚಿಂತೆ ಈ ಮಟ್ಟಕ್ಕೆ ಒಯ್ಯುವುದಿಲ್ಲವೆಂಬುದು ನಿಜ. ಆದರೆ ಮೈಸೂರಿನ ಆ ದಫ್ತರದ ಮಂದಿಯಲ್ಲಿಯೇ ಕಾರ್ಟಿಸಾಲನ್ನು ಅಳೆದು 2003ರಲ್ಲಿ ಪ್ರಕಟಿಸಿದ ಲೇಖನವೊಂದರ ಪ್ರಕಾರ, ಬೆಳಗಿನ ಕಾರ್ಟಿಸಾಲ್ ಹೆಚ್ಚಿದ್ದವರಲ್ಲಿ ರಕ್ತದೊತ್ತಡವೂ, ಹಸಿದ ಹೊಟ್ಟೆಯ ಸಕ್ಕರೆಯೂ, ಇನ್ಸುಲಿನ್ನಿಗೆ ಮಣಿಯದ ಗುಣವೂ ಹೆಚ್ಚಾಗಿದ್ದುವು. ಕುಷಿಂಗನ ರೋಗಿಗಳಲ್ಲಿ ಕಣ್ಣಿಗೆ ರಾಚುವಂತೆ ಕಂಡುದು ಇಲ್ಲಿ ಮಂದವಾಗಿ, ಆದರೆ ಅದೇ ದಿಕ್ಕಿನಲ್ಲಿ, ಕಂಡಿತು.

ಚಿಂತೆ ಆಹಾರದ ಲೆಕ್ಕವನ್ನು ಕೆಡಿಸುವ ಇನ್ನೊಂದು ಬಗೆ ನಿದ್ರೆಯ ಮೂಲಕ. 1999ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತರಾದ 11 ಮಂದಿ ತರುಣರನ್ನು ಸತತವಾಗಿ ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದಾಗ, ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಗ್ಗಿತ್ತು, ಇಳಿಯಬೇಕಾದ ಸಂಜೆಯ ಹೊತ್ತಿನಲ್ಲಿ ಕಾರ್ಟಿಸಾಲ್ ಏರಿತ್ತು. 2004ರ ಇನ್ನೊಂದು ಪರೀಕ್ಷೆಯಲ್ಲಿ ಎರಡು ರಾತ್ರಿಯ ನಿದ್ದೆಗೇಡಿಗೇ, ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಲೆಪ್ಟಿನ್ ನೂರಕ್ಕೆ 18ರಷ್ಟು ಇಳಿದು, ಹಸಿವನ್ನು ಎಬ್ಬಿಸುವ ಗ್ರೆಲಿನ್ ನೂರಕ್ಕೆ 28ರಷ್ಟು ಏರಿತು. ಪರೀಕ್ಷೆಗೊಳಗಾದವರು ಬಯಸಿದುದು ಸಿಹಿ, ಉಪ್ಪು, ಪಿಷ್ಟ ಇವುಗಳನ್ನೇ. ರಾತ್ರಿ ಪಾಳಿ ಮುಗಿಸಿ ಬಂದ ಬೆಂಗಳೂರಿನ ಹುಡುಗ ಬೆಳಗಿನ ಜಾವಕ್ಕೆ ಬೇಕರಿಯ ಮುಂದೆ ನಿಂತು ಪಫ್ಸು, ಬನ್ನು, ಸಕ್ಕರೆ ಮುಂದಾದ ಚಹಾ ಕೇಳಿದರೆ ಅದನ್ನು ನಾಲಗೆಯ ಚಾಪಲ್ಯವೆಂದು ಹಳಿಯುವುದಕ್ಕೆ ಮುಂಚೆ ಇದನ್ನು ನೆನೆಯಬೇಕು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರ ತರುವಾಯ ಮಲಗುವ ಗೃಹಿಣಿಯ ವಿಷಯದಲ್ಲಿಯೂ ಈ ಮಾತು ಅಷ್ಟೇ ಸಲ್ಲುತ್ತದೆ, ಆಕೆಯ ನಿದ್ದೆಗೇಡನ್ನು ಪಾಳಿಯೆಂದು ಲೆಕ್ಕ ಹಿಡಿಯುವವರಿಲ್ಲದಿದ್ದರೂ.

ಮತ್ತೆ ಮೈಸೂರಿಗೆ ಬರೋಣ. ಅಲ್ಲಿಯ ಶೋಧಕರಿಗೆ ಎರಡನೆಯ ಹೆಜ್ಜೆಯಲ್ಲಿ ಒಂದು ಅಚ್ಚರಿ ಕಾದಿತ್ತು. ಇಂಗ್ಲೆಂಡಿನಲ್ಲಿ ಸಣ್ಣದಾಗಿ ಹುಟ್ಟಿದವರಿಗೇ ಮಧುಮೇಹವೂ ಹೆಚ್ಚಾಗಿದ್ದಿತು; ಮೈಸೂರಿನಲ್ಲಿಯೂ ಹಾಗೆಯೇ ಇರಬಹುದೆಂದು ನಿರೀಕ್ಷಿಸಿ ನೋಡಿದರೆ, 1998ರಲ್ಲಿ ಪ್ರಕಟವಾದಂತೆ, ಮಧುಮೇಹ ಹೆಚ್ಚಾಗಿ ಕಂಡುದು ಉದ್ದ ಕಡಿಮೆಯಾಗಿ, ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚಾಗಿ, ಮೈತುಂಬಿದ ತಾಯಂದಿರಿಗೆ ಹುಟ್ಟಿದವರಲ್ಲಿ. ಆ ತಾಯಂದಿರಿಗೆ ಬಸುರಿನಲ್ಲಿ ರಕ್ತದ ಸಕ್ಕರೆ ಏರಿದ್ದಿರಬಹುದೆ? 1930ರ, 40ರ ದಶಕಗಳ ಗರ್ಭಿಣಿಯರನ್ನು ಈಗ ಪರೀಕ್ಷಿಸುವಂತಿರಲಿಲ್ಲ. ಅದಕ್ಕಾಗಿಯೇ 1997–98ರಲ್ಲಿ ಅದೇ ಆಸ್ಪತ್ರೆಗೆ ಬಂದ ಸುಮಾರು 830 ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಅಧ್ಯಯನವನ್ನು ಆರಂಭಿಸಿದರು. ಅವರಲ್ಲಿ ನೂರಕ್ಕೆ ಸುಮಾರು 6 ಮಂದಿಗೆ ಗರ್ಭಕಾಲದ ಮಧುಮೇಹವಿದ್ದಿತು. ಅವರ ಮಕ್ಕಳು ಒಂಬತ್ತು ಹತ್ತರ ವಯಸ್ಸಿಗೆ ಬರುವಾಗ ಉಳಿದ ಮಕ್ಕಳಿಗಿಂತ ಹೆಚ್ಚು ಕೊಬ್ಬನ್ನು ಹೊತ್ತಿದ್ದರು.

ಪಾರ್ಥೆನಾನ್ ಅಧ್ಯಯನಕ್ಕೆ ಸೇರಿದ ತಾಯಂದಿರ ರಕ್ತದಲ್ಲಿ ಒಂದು ಕೊರತೆಯೂ ಗೋಚರಿಸಿತು. ನೂರಕ್ಕೆ 43 ಮಂದಿಯಲ್ಲಿ ಬಿ-12 ಜೀವಸತ್ತ್ವ ತೀರ ಕಡಿಮೆಯಿದ್ದಿತು. ಹಾಗೆ ಕೊರತೆಯಿದ್ದವರಲ್ಲಿ ಸ್ಥೂಲಕಾಯವೂ ಗರ್ಭಕಾಲದ ಮಧುಮೇಹವೂ ಹೆಚ್ಚಾಗಿದ್ದುವು ಎಂದು ಮೈಸೂರಿನ ಸಂಶೋಧಕಿ ಜಿ. ವಿ. ಕೃಷ್ಣವೇಣಿಯವರೂ ಅವರ ಸಂಗಡಿಗರೂ 2009ರಲ್ಲಿ ವರದಿ ಮಾಡಿದರು. ಬಿ-12 ಸಸ್ಯಮೂಲದ ಆಹಾರದಲ್ಲಿ ಸಿಕ್ಕುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದಲೇ ಬರಬೇಕು. ಮನೆಯಲ್ಲಿ ಹಾಲು ಮೊಸರು ಮೊದಲು ಗಂಡಸರ ಎಲೆಗೂ ಮಕ್ಕಳ ಲೋಟಕ್ಕೂ ಹೋಗಿ, ಸೊಸೆಯ ಪಾಲಿಗೆ ನೀರುಮಜ್ಜಿಗೆ ಉಳಿಯುವ ಸಂಸಾರಗಳನ್ನು ಬಲ್ಲವರಿಗೆ ಈ ಅಂಕಿ ಅಷ್ಟೊಂದು ಅನಿರೀಕ್ಷಿತವೆನಿಸಲಾರದು. ಒಂದರೊಡನೆ ಒಂದು ಕಂಡಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಹೇಳಲಾಗದು, ನಿಜ. ಉದ್ದಕ್ಕೆ ಮೀರಿದ ತೂಕದ ಮೈಸೂರಿನ ಶಿಶುಗಳ ವಿಷಯಕ್ಕೆ, ಪುಣೆಯಲ್ಲಿ ಚಿತ್ತರಂಜನ ಯಾಜ್ಞಿಕರು ತೋರಿಸಿದ್ದು ಪೂರಕವಾಗಿದೆ: ಅಲ್ಲಿಯ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿಲೋ ತೂಗಿದರೆ ಸೌತಾಂಪ್ಟನ್ನಿನ ಶಿಶುಗಳು 3.5 ಕಿಲೋ, ಆದರೆ ನಮ್ಮ ಕೂಸು ಕಳೆದುಕೊಂಡುದು ಹೆಚ್ಚಾಗಿ ಸ್ನಾಯುವನ್ನು, ಬೆನ್ನಿನ ಚರ್ಮದಡಿಯ ಕೊಬ್ಬನ್ನಲ್ಲ. ನೋಟಕ್ಕೆ ಬಡಕಲು, ಒಳಗೆ ಕೊಬ್ಬು.

ಪಾರ್ಥೆನಾನ್ ಮಕ್ಕಳು ಹದಿಮೂರು ಹದಿನಾಲ್ಕರ ಹರೆಯಕ್ಕೆ ಬಂದಾಗ ನಡೆದ ಪರೀಕ್ಷೆ ನನಗೆ ಈ ಇಡೀ ವೃತ್ತಾಂತದಲ್ಲಿ ಅತ್ಯಂತ ಸ್ವಾರಸ್ಯದ್ದೆಂದು ತೋರುತ್ತದೆ. ಜರ್ಮನಿಯ ಟ್ರಿಯರ್ ನಗರದಲ್ಲಿ 1993ರಲ್ಲಿ ರೂಪಿಸಿದ ಕ್ರಮವನ್ನು ಅನುಸರಿಸಿ, ಪ್ರತಿಯೊಬ್ಬ ಬಾಲಕ ಬಾಲಕಿಯನ್ನೂ ಮುಖಪರಿಚಯವಿಲ್ಲದ ಪರೀಕ್ಷಕರ ಮುಂದೆ ನಿಲ್ಲಿಸಿ, ಕೆಲವು ನಿಮಿಷ ಭಾಷಣ ಮಾಡಿಸಿ, ಅನಂತರ ಬಾಯಿಲೆಕ್ಕ ಕೇಳಿ, ಆ ಹೊತ್ತಿನ ಎಂಜಲಿನಿಂದ ಕಾರ್ಟಿಸಾಲನ್ನೂ, ಉಪಕರಣಗಳಿಂದ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಅಳೆದರು. ಎಲ್ಲ ಮಕ್ಕಳಿಗೂ ಇವೆಲ್ಲ ಏರಿದುವು, ಏರದೆ ಇರುತ್ತವೆಯೆ! ಆದರೆ ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ರಕ್ತದೊತ್ತಡ ಇತರರಲ್ಲಿ ಏರಿದುದಕ್ಕಿಂತ ಹೆಚ್ಚಾಗಿ ಏರಿತು. ತಾಯಿಯ ರಕ್ತದ ಸಕ್ಕರೆಗೂ, ಹದಿಮೂರು ವರ್ಷಗಳ ತರುವಾಯ ಅಪರಿಚಿತರೆದುರು ಲೆಕ್ಕ ಬಿಡಿಸುವ ಮಗುವಿನ ಹೃದಯಕ್ಕೂ ಏನು ಸಂಬಂಧ? ಇದೆಯೆಂದು ಆ ಮಕ್ಕಳ ಮೈಯೇ ಹೇಳಿತು.

ಆ ಸಂಬಂಧದ ಒಂದು ಸುಳಿವು ಗರ್ಭದಲ್ಲಿರುವ ಮಾಸಿನಲ್ಲಿದೆ. ತಾಯಿಯ ಕಾರ್ಟಿಸಾಲ್ ಶಿಶುವನ್ನು ಯಥೇಚ್ಛವಾಗಿ ಮುಟ್ಟದಂತೆ ಮಾಸಿನಲ್ಲಿರುವ ಕಿಣ್ವವೊಂದು ಅದನ್ನು ಬಹುಪಾಲು ನಿಷ್ಕ್ರಿಯಗೊಳಿಸುತ್ತದೆ. ಬಸುರಿ ಇಲಿಗಳಿಗೆ ಪ್ರೋಟೀನು ಕಡಿಮೆಯಿರುವ ಆಹಾರ ಕೊಟ್ಟಾಗ ಈ ಕಿಣ್ವ ಕುಗ್ಗುತ್ತದೆ. ಮರಿಗಳು ಬೆಳೆದಮೇಲೆ ಅವುಗಳ ರಕ್ತದೊತ್ತಡ ಏರುತ್ತದೆ. ತಾಯಿ ಕಡಿಮೆ ಉಂಡುದರಿಂದಲೇ ತಾಯಿಯ ಕಳವಳ ಮಗುವಿಗೆ ಹೆಚ್ಚು ತಾಗುವಂತಾಗುತ್ತದೆ ಎಂದರೆ, ಅನ್ನ ಒಂದು ಕಡೆ, ಆತಂಕ ಇನ್ನೊಂದು ಕಡೆ ಎಂದು ಎರಡನ್ನೂ ಬಿಡಿಸಿ ಇಡುವುದಾದರೂ ಹೇಗೆ? ಮನುಷ್ಯರಲ್ಲಿ ಇಂಥ ಪ್ರಯೋಗವನ್ನು ಯಾರೂ ಮಾಡಲಾರರು, ಯುದ್ಧ ಮಾಡಿತು. 1944ರ ಕೊನೆಯಿಂದ 1945ರ ವಸಂತದವರೆಗೆ ಜರ್ಮನರ ದಿಗ್ಬಂಧನದಲ್ಲಿ ಸಿಲುಕಿದ ಪಶ್ಚಿಮ ನೆದರ್ಲೆಂಡ್ಸಿನಲ್ಲಿ ದಿನದ ಪಡಿತರ 400ರಿಂದ 800 ಕ್ಯಾಲೊರಿಗೆ ಇಳಿದಿದ್ದಾಗ ಗರ್ಭದಲ್ಲಿದ್ದವರನ್ನು, ಐವತ್ತು ವರ್ಷಗಳ ಬಳಿಕ ಪರೀಕ್ಷಿಸಿದಾಗ, ಗರ್ಭಾವಸ್ಥೆಯ ಮಧ್ಯ ಮತ್ತು ಕೊನೆಯ ತಿಂಗಳುಗಳಲ್ಲಿ ಕ್ಷಾಮವನ್ನು ಕಂಡವರ ದೇಹ ಸಕ್ಕರೆಯನ್ನು ಸಹಿಸುವ ಶಕ್ತಿಯಲ್ಲಿ ಹಿಂದೆ ಬಿದ್ದಿದ್ದಿತು. ಆ ಚಳಿಗಾಲದಲ್ಲಿ ಹಸಿವಿನ ಜೊತೆಗೆ ಬಾಂಬಿನ ಭಯವೂ ಇದ್ದಿತೆಂಬುದನ್ನು ಮರೆಯಬಾರದು.

ಮಧುಮೇಹದಲ್ಲಿ ಹುಟ್ಟಿನೊಡನೆ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡು ಬಗೆಯನ್ನು ನಮ್ಮ ಸುಶ್ರುತ ಎಂದೋ ಬೇರ್ಪಡಿಸಿದ್ದಾನೆ. ಹುಟ್ಟಿನೊಡನೆ ಬಂದುದರಲ್ಲಿಯೂ ತಾಯಿಯ ಪಥ್ಯಾಪಥ್ಯದ ಪಾಲು ಎಷ್ಟೆಂಬುದನ್ನು ಈಗ ನಾವು ಸೇರಿಸಿಕೊಳ್ಳಬೇಕಾಗಿದೆ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆ ನಮ್ಮ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ ಎಂದು ಅಂದಾಜು ಮಾಡಿತು. ಇಷ್ಟು ಜನರಿಗೂ ನಾವು ಕೊಡುವ ಉಪದೇಶ ಸಾಮಾನ್ಯವಾಗಿ ಎರಡೇ ಮಾತಿನದು: ಅನ್ನ ಬಿಟ್ಟು ರಾಗಿ ತಿನ್ನಿ, ಚಿಂತೆ ಮಾಡಬೇಡಿ.

ರಾಗಿಯ ಬಗ್ಗೆ ನನಗೆ ಗೌರವವುಂಟು. ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಸತ್ತ್ವವನ್ನು ಕೊಡುವ ಧಾನ್ಯ ಬೇರೊಂದು ದೊರೆಯುವುದು ಕಷ್ಟ. ಆದರೆ ಅದರಲ್ಲಿಯೂ ನೂರಕ್ಕೆ ಸುಮಾರು 70 ಪಾಲು ಪಿಷ್ಟವೇ ಮೊದಲಾದ ಶರ್ಕರಗಳು. ನುಣ್ಣಗೆ ಬೀಸಿ ಗಂಜಿ ಕಾಸಿ ಕುಡಿದವನ ರಕ್ತಕ್ಕೆ ಸಕ್ಕರೆ ತಡವಿಲ್ಲದೆ ಏರುತ್ತದೆ. ಮುದ್ದೆಯ ಜೊತೆಗೆ ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯ, ಮೊಟ್ಟೆ ಇಲ್ಲವೆ ಮೊಸರು ಇದ್ದು, ಉಂಡವನು ಹೊಲದಲ್ಲಿ ದುಡಿದನಾದರೆ ಅದು ಪಥ್ಯ. ಮುದ್ದೆ ಒಂದೇ ಉಂಡು ಮೇಜಿನ ಮುಂದೆ ಕೂರುವವನಿಗೆ ಅದರ ಹೆಸರಿನಿಂದಲೇ ಕ್ಷೇಮ ಬರುವುದಿಲ್ಲ.

ಎರಡನೆಯ ಉಪದೇಶ ಇನ್ನೂ ಅಗ್ಗದ್ದು. ಬ್ರಿಟಿಷ್ ಸರಕಾರದ ನೌಕರರಲ್ಲಿ 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನದಲ್ಲಿ, ಅತ್ಯಂತ ಕೆಳದರ್ಜೆಯವರು ಹೃದ್ರೋಗದಿಂದ ಸತ್ತುದು ಅತ್ಯುನ್ನತ ದರ್ಜೆಯವರಿಗಿಂತ ಮೂರು ಪಟ್ಟಿಗೂ ಮಿಗಿಲು. ಧೂಮಪಾನ, ಕೊಬ್ಬು, ರಕ್ತದೊತ್ತಡ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅಂತರದ ಬಹುಭಾಗ ಉಳಿದೇ ಉಳಿಯಿತು. ಜವಾಬ್ದಾರಿ ಹೆಚ್ಚಿದ್ದವನ ಎದೆಯಲ್ಲ, ತನ್ನ ಕೆಲಸದ ಮೇಲೆ ತನಗೆ ಹತೋಟಿಯಿಲ್ಲದವನ ಎದೆ ಮೊದಲು ಸೋತಿತೆಂದು ಮುಂದಿನ ಅಧ್ಯಯನಗಳು ಸೂಚಿಸಿದುವು. ಇಂಥವನಿಗೆ ನೆಮ್ಮದಿಯಾಗಿರೆಂದು ಹೇಳುವವರು ನೆಮ್ಮದಿಗೆ ಬೇಕಾದುದನ್ನು, ಎಂದರೆ ಖಚಿತವಾದ ಸಂಬಳವನ್ನೂ ನಿದ್ರೆಗೆ ಎಡೆಯಿರುವ ಪಾಳಿಯನ್ನೂ, ಒದಗಿಸುವ ಮಾತನ್ನು ಆಡುವುದಿಲ್ಲ. ಪ್ರಾಣಾಯಾಮದಿಂದಲೂ ಧ್ಯಾನದಿಂದಲೂ ಮನಸ್ಸು ಹದಕ್ಕೆ ಬರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಕಂತು ಕಟ್ಟಲಾರದವನಿಗೆ ಅದನ್ನೇ ಪರಿಹಾರವೆಂದು ಮಾರುವುದನ್ನು ಮಾತ್ರ ಒಪ್ಪಲಾರೆ.

ಹೀಗಿರುವಲ್ಲಿ, ಸಾರ್ವಜನಿಕವಾಗಿ ಮಾಡಬಹುದಾದುದು ಎಲ್ಲಿಂದ ಆರಂಭವಾಗಬೇಕೆಂದು ಮೈಸೂರಿನ ದಫ್ತರ ಸ್ಪಷ್ಟವಾಗಿಯೇ ಹೇಳುತ್ತದೆ: ಗರ್ಭಿಣಿಯ ಎಲೆಯಿಂದ. ನಮ್ಮ ರಾಜ್ಯ 2017ರಲ್ಲಿ ಆರಂಭಿಸಿದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ದಿನಕ್ಕೊಂದು ಬಿಸಿಯೂಟವನ್ನು ನೀಡಲು ಹೊರಟಿದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಮನೆಯ ಅಡಿಗೆ, ದನಕರು, ಕೂಲಿಗಳ ನಡುವೆ ಅಂಗನವಾಡಿಯವರೆಗೆ ನಡೆದುಹೋಗಿ ಉಂಡುಬರುವಷ್ಟು ಬಿಡುವನ್ನು ಆಕೆಗೆ ಕೊಡಬೇಕಾದವರು ಮಾತ್ರ ಸರಕಾರವಲ್ಲ, ಮನೆಯವರು.

ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯಲ್ಲಿ ಯಾರಿಗಾದರೂ ಬಸುರಿನಲ್ಲಿ ಸಕ್ಕರೆ ಏರಿದ್ದರೆ, ಹೆರಿಗೆಯೊಡನೆ ಅದು ಇಳಿಯಿತೆಂದು ತಾಯಿ ಕಾರ್ಡನ್ನು ಪೆಟ್ಟಿಗೆಗೆ ಹಾಕಿ ಮರೆಯಬೇಡಿ. ಮುಂದೆ ಅಂಥವರಿಗೆ ಮಧುಮೇಹ ಬರುವ ಸಂಭವ ಇತರರಿಗಿಂತ ಬಹಳ ಹೆಚ್ಚು. ಪ್ರಸವವಾಗಿ ಆರು ವಾರ ಕಳೆದೊಡನೆ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆಯನ್ನು ಮಾಡಿಸಿ, ಅನಂತರವೂ ಕಾಲಕಾಲಕ್ಕೆ ಮಾಡಿಸುತ್ತಿರಿ. ಮಗುವಿನ ಜನನದ ತೂಕವನ್ನು ಬರೆದಿಟ್ಟುಕೊಂಡು, ಆ ಮಗು ದೊಡ್ಡದಾದಮೇಲೆ ಅದರ ವೈದ್ಯರಿಗೆ ತಿಳಿಸಿ.